ಗಲ್ಲಾ ಪೆಟ್ಟಿಗೆಯ ಇಪ್ಪತ್ತೈದು ವರ್ಷ

ಸಣ್ಣ ಅಂಗಡಿಗಳನ್ನು ನುಂಗಿ ನೀರು ಕುಡಿಯುತ್ತದೆ ಎಂದು ಎಲ್ಲರೂ ಹೆದರಿದ್ದ ಬಿಗ್ ಬಜಾರ್ ಈಗ ಇಲ್ಲ. 2001ರಲ್ಲಿ ಶುರುವಾಗಿ ಊರೂರಿಗೆ ಹಬ್ಬಿದ್ದ ಅದು ಕಟ್ಟಡಗಳ ಬಾಡಿಗೆ ಕಟ್ಟಲಾಗದೆ ಕುಸಿಯಿತು. 2022ರ ಫೆಬ್ರವರಿಯಲ್ಲಿ ಅದರ ಮಳಿಗೆಗಳು ಒಂದೊಂದಾಗಿ ರಿಲಯನ್ಸ್ ಪಾಲಾದವು, ಬಾಗಿಲ ಮೇಲಿನ ಬೋರ್ಡೂ ಬದಲಾಯಿತು. ಬಹುಬ್ರ್ಯಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರಷ್ಟು ವಿದೇಶಿ ಬಂಡವಾಳಕ್ಕೆ ಕೇಂದ್ರ ಒಪ್ಪಿದ್ದು 2012ರ ಸೆಪ್ಟೆಂಬರಿನಲ್ಲಿ. ಅದನ್ನು ವಿರೋಧಿಸಿ ಅಂದು ಭಾರತ ಬಂದ್ ನಡೆಯಿತು. ವಾಲ್‌ಮಾರ್ಟ್ ಬಂದರೆ ದಿನಸಿ ಅಂಗಡಿಯವರ ಕಥೆ ಮುಗಿಯಿತು ಎಂದು ವೇದಿಕೆಗಳಲ್ಲಿ ಗುಡುಗಿದ್ದೂ ಆಯಿತು. ಆ ವಾಲ್‌ಮಾರ್ಟ್ ನಮ್ಮ ಮನೆ ಬಾಗಿಲಿಗೆ ಬಂದದ್ದು ಬೇರೆಯೇ ದಾರಿಯಲ್ಲಿ. 2018ರಲ್ಲಿ ಅದು ಬೆಂಗಳೂರಿನದೇ ಫ್ಲಿಪ್‌ಕಾರ್ಟ್‌ನಲ್ಲಿ ಶೇ 77ರಷ್ಟು ಪಾಲು ಕೊಂಡಿತು.

ಹೊಸ ಶತಮಾನದ ಮೊದಲ ಇಪ್ಪತ್ತೈದು ವರ್ಷ ಮುಗಿದಿವೆ. ನಮ್ಮ ಅಂಗಡಿ ಬೀದಿಗಳಲ್ಲಿ ಏನು ಉಳಿಯಿತು, ಏನು ಹೋಯಿತು, ಹೋದದ್ದು ಯಾಕೆ ಹೋಯಿತು ಎಂದು ಲೆಕ್ಕ ಹಾಕಲು ಇದು ಸರಿಯಾದ ಹೊತ್ತು. ಮಾಲ್ ಬಂತು, ಮೊಬೈಲ್ ಬಂತು, ಅಂಗಡಿ ಹೋಯಿತು ಎನ್ನುವುದು ರೂಢಿಯ ಉತ್ತರ. ಅದರಲ್ಲಿ ಸುಳ್ಳಿಲ್ಲವಾದರೂ ಅಷ್ಟಕ್ಕೇ ನಿಂತರೆ ಲೆಕ್ಕ ತಾಳೆಯಾಗುವುದಿಲ್ಲ.

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಆಸುಪಾಸನ್ನೇ ನೋಡಿ. 2009ರಲ್ಲಿ ಅಲ್ಲಿಂದ ಇಂಡಿಯಾ ಕಾಫಿ ಹೌಸ್ ಎದ್ದು ಹಿಂದಿನ ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಹತ್ತಿರದ ಪ್ರೀಮಿಯರ್ ಪುಸ್ತಕದಂಗಡಿಯೂ ಮುಚ್ಚಿತು. 1971ರಿಂದ ಅದನ್ನು ನಡೆಸಿದವರು ಟಿ.ಎಸ್. ಶಾನಭಾಗರು. ನೆಲದಿಂದ ಮೇಲಿನವರೆಗೆ ಪುಸ್ತಕದ ಗುಡ್ಡೆ, ನಡುವೆ ಒಬ್ಬರು ನುಸುಳುವಷ್ಟು ಜಾಗ. ಕೆಳಗಿನದೊಂದನ್ನು ಎಳೆದರೆ ಮೇಲಿನವು ತಲೆ ಮೇಲೆ ಬೀಳುವ ಅಂದಾಜು. ಕೇಳಿದ ಪುಸ್ತಕ ಯಾವ ಗುಡ್ಡೆಯ ಎಷ್ಟನೇ ಪದರದಲ್ಲಿದೆ ಎಂಬುದು ಮಾತ್ರ ಅವರಿಗೆ ಬಾಯಿಪಾಠ. ಅಂಗಡಿ ಮುಚ್ಚುವುದಕ್ಕೆ ಎರಡು ವರ್ಷ ಮೊದಲು, 2007ರಲ್ಲಿ, ಇದೇ ಊರಿನಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತ್ತು. ಅದು ಮೊದಲು ಮಾರಿದ್ದೂ ಪುಸ್ತಕಗಳನ್ನೇ. ಎರಡನ್ನೂ ಜೋಡಿಸಿ ಕಥೆ ಕಟ್ಟುವುದು ಸುಲಭ. ಆದರೆ ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಬ್ಲಾಸಮ್ ಇದೆ, ಬುಕ್‌ವರ್ಮ್ ಇದೆ. ಭಾನುವಾರ ಸಂಜೆ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಮೊಬೈಲಿನಲ್ಲಿ ಅಗ್ಗಕ್ಕೆ ಸಿಗುವ ಪುಸ್ತಕವನ್ನು ಜನ ಅಂಗಡಿಗೆ ಬಂದು, ತಡವಿ, ತಿರುವಿ ಕೊಳ್ಳುತ್ತಿದ್ದಾರೆ ಎಂದಾದರೆ ಉಳಿದ ಅಂಗಡಿಗಳಿಗೆ ಬಡಿದದ್ದು ಬರೀ ಆ್ಯಪ್ ಆಗಿರಲಾರದು.

ಅಂಗಡಿಯವರನ್ನೇ ಕೇಳಿದರೆ ಮೊದಲು ಬರುವ ಮಾತು ಬಾಡಿಗೆಯದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಒಮ್ಮೆ ಹಿಡಿದ ಮಳಿಗೆ ಅಜ್ಜನಿಂದ ಮೊಮ್ಮಗನವರೆಗೆ ನಡೆಯುತ್ತಿತ್ತು. ಅದರ ಜಾಗಕ್ಕೆ 1999ರ ಬಾಡಿಗೆ ಕಾಯ್ದೆ ಬಂತು. ವ್ಯಾಪಾರದ ಜಾಗಗಳಿಗೆ ಸಂಬಂಧಿಸಿ ಅದರಲ್ಲೊಂದು ಗೆರೆ ಎಳೆದಿದ್ದಾರೆ. 14 ಚದರ ಮೀಟರ್ ಮೀರದ ಅಂಗಡಿಗೆ ಮಾತ್ರ ಕಾಯ್ದೆಯ ನೆರಳು, ಅದಕ್ಕಿಂತ ದೊಡ್ಡದಕ್ಕೆ ಇಲ್ಲ. 14 ಚದರ ಮೀಟರ್ ಎಂದರೆ ಹತ್ತಡಿಗೆ ಹದಿನೈದಡಿ. ಒಂದು ಗಲ್ಲಾ, ಎರಡು ಕಪಾಟು, ಮೂಲೆಯಲ್ಲಿ ನಾಲ್ಕು ಮೂಟೆ ಇಟ್ಟರೆ ಮುಗಿಯಿತು. ಬಟ್ಟೆಯಂಗಡಿ, ಪಾತ್ರೆ ಅಂಗಡಿ, ಹೋಟೆಲು, ಪುಸ್ತಕದಂಗಡಿಗಳೆಲ್ಲ ಈ ಗೆರೆಯ ಆಚೆಗೆ ಬಿದ್ದವು. ಐಟಿ ಹಣ ನಗರಕ್ಕೆ ಹರಿದು ಜಾಗದ ಬೆಲೆ ಏರುತ್ತಿದ್ದ ಕಾಲವದು. ಸೂಜಿ-ದಾರ ಮಾರುವವನೂ ಬ್ಯಾಂಕಿನ ಶಾಖೆಯೂ ಒಂದೇ ಜಾಗಕ್ಕೆ ಹರಾಜಿಗೆ ನಿಂತರೆ ಯಾರಿಗೆ ಸಿಗುತ್ತದೆ?

ಮಾಲೀಕರ ಮಾತಿನಲ್ಲೂ ನ್ಯಾಯವಿದೆ. ಊರ ನಟ್ಟನಡುವಿನ ಕಟ್ಟಡಕ್ಕೆ ಎಂದೋ ಗೊತ್ತುಮಾಡಿದ ಪುಡಿಗಾಸು ಬಾಡಿಗೆ ಬಂದರೆ ಸುಣ್ಣಬಣ್ಣಕ್ಕೂ ಸಾಲದು. ಖಾಸಗಿಯವರನ್ನು ಬಿಡಿ, ಸರ್ಕಾರಿ ಕಟ್ಟಡಗಳ ಪಾಡೇನು? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಲ್ಲಿ ಹಳೆಯ ಪುಸ್ತಕದಂಗಡಿಗಳಿದ್ದವು. 2012ರಲ್ಲಿ ಅದರ ಒಂದು ಭಾಗ ಕುಸಿದು ಜೀವಗಳೇ ಹೋದವು. ಅಂಗಡಿಗಳು ಚದುರಿದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವವೂ ಬಿತ್ತು. ಕೆಡವುವುದೋ ಉಳಿಸುವುದೋ ಎಂಬ ವ್ಯಾಜ್ಯಕ್ಕೆ ಸಿಕ್ಕ ಶ್ರದ್ಧೆಯ ಕಾಲುಭಾಗ ದುರಸ್ತಿಗೆ ಸಿಕ್ಕಿದ್ದರೆ ಎರಡೂ ಕಡೆ ವ್ಯಾಪಾರ ನೆಮ್ಮದಿಯಿಂದ ನಡೆಯುತ್ತಿತ್ತು.

ಬಾಡಿಗೆಯ ನಂತರದ ಕಾರಣ ಮನೆಯೊಳಗಿನದು. ಬೆಳಗ್ಗೆ ಏಳಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಬದುಕು ಮಗನಿಗೆ ಬೇಡ ಎಂದವರು ಅಪ್ಪಂದಿರೇ. ಗಲ್ಲಾದ ದುಡ್ಡಿನಲ್ಲೇ ಮಗ ಎಂಜಿನಿಯರ್ ಆದ, ಗಲ್ಲಾ ಅನಾಥವಾಯಿತು. ಇದನ್ನು ಸೋಲೆನ್ನಲು ನಮಗೆ ಮನಸ್ಸಿಲ್ಲ. ಆ ಅಂಗಡಿ ತನ್ನ ಕೆಲಸ ಪೂರೈಸಿತು ಎಂದರೂ ತಪ್ಪಿಲ್ಲ.

ಕಳೆದುಕೊಂಡದ್ದರಲ್ಲಿ ದೊಡ್ಡದು ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ಕೂತು ದಿನಸಿ ಅಂಗಡಿಯ ಶೆಟ್ಟರು ಉದ್ರಿ ಬರೆಯುತ್ತಿದ್ದರು. ತಿಂಗಳ ಮೊದಲ ವಾರ ಸಾಮಾನಿನ ಚೀಟಿ ಬರುತ್ತಿತ್ತು. ತೊಗರಿಬೇಳೆ, ಹುಣಸೆಹಣ್ಣು ಕಾಗದದ ಪೊಟ್ಟಣಗಳಾಗಿ, ಮೇಲಿನಿಂದ ಇಳಿಬಿಟ್ಟ ದಾರದಲ್ಲಿ ಸುತ್ತಿಸಿಕೊಂಡು ಚೀಲ ಸೇರುತ್ತಿದ್ದವು. ಮೊತ್ತ ಉದ್ದನೆಯ ಖಾತೆ ಪುಸ್ತಕದಲ್ಲಿ ಒಂದು ಸಾಲಾಗುತ್ತಿತ್ತು. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಇದ್ದರೆ ಆ ಸಾಲು ಮುಂದಿನ ತಿಂಗಳಿಗೆ ಜರುಗುತ್ತಿತ್ತು, ಬಡ್ಡಿ ಇರಲಿಲ್ಲ. ಮೇಷ್ಟ್ರು, ಜವಾನ, ಗಾರೆ ಕೆಲಸದವನು ಯಾರು ಎಷ್ಟು ತಾಳಿಕೊಳ್ಳಬಲ್ಲರು ಎಂಬ ಅಂದಾಜು ಶೆಟ್ಟರಿಗಿತ್ತು. ಈಗ ಆ್ಯಪ್‌ಗಳೂ ‘ನಂತರ ಪಾವತಿಸಿ’ ಎನ್ನುತ್ತವೆ. ತಪ್ಪಿದರೆ ದಂಡ ಬೀಳುತ್ತದೆ, ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. ಕಾಯಿಲೆಯ ಸುದ್ದಿ ಹೇಳೋಣವೆಂದರೆ ಆ ಕಡೆ ಯಾರೂ ಇಲ್ಲ.

ಹಾಗೆಂದು ಹಳೆಯದೆಲ್ಲ ಬಂಗಾರವಾಗಿರಲಿಲ್ಲ. ತೂಕದಲ್ಲಿ ಕೈಚಳಕವಿತ್ತು, ಬೇಳೆಯಲ್ಲಿ ಕಲ್ಲಿತ್ತು. ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡು ದೇವರ ಪಟದಷ್ಟೇ ಕಡ್ಡಾಯ. ಕೆಲವು ಊರುಗಳಲ್ಲಿ ಜಾತಿ ನೋಡಿ ಅಂಗಡಿಯ ಹೊರಗೇ ನಿಲ್ಲಿಸಿದ್ದುಂಟು. ಹೆಂಗಸರು ತಮಗೆ ಬೇಕಾದ ಸಾಮಾನನ್ನು ಗಂಡಸರೆದುರು ಪಿಸುಮಾತಿನಲ್ಲಿ ಕೇಳಿ, ಪತ್ರಿಕೆಯಲ್ಲಿ ಸುತ್ತಿಸಿಕೊಂಡು ಬರಬೇಕಿತ್ತು. ಯಾರನ್ನೂ ಕೇಳದೆ ಬೆಲೆ ನೋಡಿ, ಮುಟ್ಟಿ, ಬೇಡವೆಂದರೆ ಅಲ್ಲೇ ಇಟ್ಟು ಹೊರಬರುವ ಹಕ್ಕು ಸೂಪರ್ ಮಾರ್ಕೆಟ್ಟಿನಿಂದ ಬಂತು. ಹಳೆಯ ಅಂಗಡಿಯನ್ನು ನೆನೆದು ಕಣ್ಣೀರಿಡುವವರಲ್ಲಿ ಹೆಂಗಸರು ಕಡಿಮೆ ಇರುವುದಕ್ಕೆ ಇದೂ ಕಾರಣವಿರಬಹುದು.

ಉಳಿದದ್ದನ್ನು ನೋಡಲು ಚಿಕ್ಕಪೇಟೆಗೆ ಹೋಗಬೇಕು. ಗಾದಿಯ ಮೇಲೆ ಕೂತು, ಎದುರಿಗೆ ಮೂವತ್ತು ಸೀರೆ ಹರವಿಸಿ, ಮೂವತ್ತೊಂದನೆಯದಕ್ಕೆ ಕೈ ತೋರಿಸುವ ಸೌಭಾಗ್ಯ ಅಲ್ಲಿ ಇನ್ನೂ ಇದೆ. ಬಳೇಪೇಟೆಯಲ್ಲಿ ವೀಣೆ, ತಬಲಗಳಿವೆ, ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕಗಳಿವೆ. ಈ ಬೀದಿಗಳಲ್ಲಿ ಸಗಟು ಚಿಲ್ಲರೆ ಎರಡೂ ಒಂದೇ ಸೂರಿನಡಿ ನಡೆಯುತ್ತವೆ, ಮದುವೆ ಜವಳಿಗೆ ಊರೂರುಗಳಿಂದ ಜನ ಬರುತ್ತಾರೆ. ಎಂ.ಜಿ. ರಸ್ತೆಗೆ 2011ರ ಅಕ್ಟೋಬರಿನಲ್ಲಿ ಮೆಟ್ರೊ ಓಡುವ ಮೊದಲು ಅಂಗಡಿಗಳ ಮುಂದೆ ವರ್ಷಗಟ್ಟಲೆ ಅಗೆತ, ತಗಡಿನ ಬೇಲಿ. ಚಿಕ್ಕಪೇಟೆಗೆ 2017ರಲ್ಲಿ ಅದೇ ಮೆಟ್ರೊ ನೆಲದಡಿಯಿಂದ ಬಂದು ಗಿರಾಕಿಗಳನ್ನು ಪೇಟೆಯ ಮಗ್ಗುಲಲ್ಲೇ ಇಳಿಸಿತು.

ಬಡಾವಣೆಯ ದಿನಸಿ ಅಂಗಡಿಗೆ ಈ ಬಲ ಯಾವುದೂ ಇಲ್ಲ. ನೋಟು ರದ್ದತಿ, ಜಿಎಸ್‌ಟಿ, ಲಾಕ್‌ಡೌನ್ ಎಲ್ಲವನ್ನೂ ಅದು ಹೇಗೋ ದಾಟಿತು. ಲಾಕ್‌ಡೌನಿನಲ್ಲಂತೂ ಬೀದಿಗೆ ಅನ್ನ ಹಾಕಿದ್ದೇ ಅದು. ಈಗ ಹತ್ತು ನಿಮಿಷದಲ್ಲಿ ಕೊತ್ತಂಬರಿ ತಲುಪಿಸುವವರ ಎದುರು ನಿಂತಿದೆ. ಅದರ ನಡುವೆಯೇ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ, ವಹಿವಾಟು ಮಿತಿ ಮೀರಿದೆಯೆಂದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ನೋಟಿಸ್ ಹೋಯಿತು. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟ ನಂತರ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ಕೊಟ್ಟರು.

ದಿನಸಿಯಂಗಡಿಯ ವಹಿವಾಟು ದೊಡ್ಡದು, ಲಾಭ ಸಣ್ಣದು. ಇಲಾಖೆಯ ಕಂಪ್ಯೂಟರಿಗೆ ವಹಿವಾಟು ಕಾಣುತ್ತದೆ, ಅದರಿಂದ ಬಾಡಿಗೆಗೆ ಹೋಗುವ ಪಾಲು ಕಾಣುವುದಿಲ್ಲ. ಸಣ್ಣ ವ್ಯಾಪಾರಿಗಳ ಮೇಲೆ ನಿಜಕ್ಕೂ ಕಾಳಜಿಯಿದ್ದರೆ ಸರ್ಕಾರ ಆ 14 ಚದರ ಮೀಟರಿನ ಗೆರೆಯಿಂದ ಶುರುಮಾಡಲಿ. ಮಾಲೀಕನಿಗೆ ವರ್ಷವರ್ಷ ನ್ಯಾಯವಾದ ಏರಿಕೆ, ಅಂಗಡಿಯವನಿಗೆ ಹತ್ತು ವರ್ಷದ ಗುತ್ತಿಗೆಯ ಖಾತ್ರಿ, ಇಷ್ಟನ್ನು ಕಾನೂನಿನಲ್ಲಿ ಬರೆಯುವುದಕ್ಕೆ ಯಾವ ಆಯೋಗವೂ ಬೇಕಿಲ್ಲ. ನಗರಪಾಲಿಕೆಗಳು ತಮ್ಮದೇ ವಾಣಿಜ್ಯ ಸಂಕೀರ್ಣಗಳಲ್ಲಿ ಇದನ್ನು ಈ ವರ್ಷವೇ ಜಾರಿಗೆ ತರಬಹುದು.