ರೋಗಿಯ ‘ಹೂನ್ರಿ’

ಮುಂಬಯಿಯ ಆಸ್ಪತ್ರೆಗಳಲ್ಲಿ ಕನ್ನಡ ರೋಗಿಗೆ ಭಾಷೆಯೊಂದೇ ತೊಡಕೆಂದು ಹಲವರು ಎಣಿಸುತ್ತಾರೆ. ನನಗೆ ಹಾಗೆ ತೋರದು. ಉತ್ತರ ಕರ್ನಾಟಕದಿಂದ ಬಂದ ನಮ್ಮ ಹಿರಿಯರು ವೈದ್ಯರ ಪ್ರತಿ ಮಾತಿಗೂ ‘ಹೂನ್ರಿ’ ಎನ್ನುವರು. ಅದು ಮರ್ಯಾದೆಯ ಮಾತೇ ಹೊರತು ತಿಳಿಯಿತೆಂಬುದರ ಗುರುತಲ್ಲ. ದೊಡ್ಡವರನ್ನು ಮರಳಿ ಪ್ರಶ್ನಿಸುವುದು ಉದ್ಧಟತನವೆಂದು ನಂಬಿ ಬೆಳೆದವರು ಅವರು.

ಕ್ಷಯರೋಗವನ್ನೇ ನೋಡಿರಿ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆಯುಂಟು. ಅದರಲ್ಲಿರುವ ರಿಫಾಂಪಿಸಿನ್ ಎಂಬ ಔಷಧವು ಮೂತ್ರವನ್ನು ಕಿತ್ತಳೆಗೆಂಪಾಗಿಸುತ್ತದೆ. ಆ ಬಣ್ಣದಿಂದ ಕೇಡಿಲ್ಲ. ಆದರೆ ಮೊದಲೇ ತಿಳಿಸದಿದ್ದರೆ ರೋಗಿಯು ರಕ್ತವೆಂದು ಬೆದರಿ ಗುಳಿಗೆಯನ್ನು ಬಿಟ್ಟಾನು. ಕೆಲವು ವಾರಗಳಲ್ಲಿ ಕೆಮ್ಮು ಇಳಿಯಿತೆಂದೂ ಬಿಟ್ಟಾನು. ಅರೆಬರೆ ಚಿಕಿತ್ಸೆಯಿಂದ ರೋಗಾಣುಗಳು ಔಷಧಕ್ಕೆ ಮಣಿಯದಂತಾಗಬಹುದು. ಆಮೇಲೆ ಮನೆಮಂದಿಗೂ ಅಂಥವೇ ಅಂಟಬಹುದು.

ಆದುದರಿಂದ ‘ತಿಳಿಯಿತೇ?’ ಎಂದು ಕೇಳಿದರೆ ಸಾಲದು. ಗುಳಿಗೆಯನ್ನು ಹೇಗೆ, ಎಷ್ಟು ದಿನ ತೆಗೆದುಕೊಳ್ಳುವರೆಂಬುದನ್ನು ಅವರ ಬಾಯಿಂದಲೇ ಹೇಳಿಸತಕ್ಕದ್ದು. ಓದುಬಲ್ಲ ಗುಮಾಸ್ತನಿಗೆ ಚೀಟಿ ಸಾಕಾದೀತು (ಆತನೂ ಓದುವನೆಂಬ ಭರವಸೆ ನನಗಿಲ್ಲ!).

ಭಾಷೆಯ ತೊಡಕೂ ಇಲ್ಲದಿಲ್ಲ. ಆದರೆ ದುಭಾಷಿಯ ಕೆಲಸವು ನಮ್ಮ ಶಾಲೆಯ ಮಕ್ಕಳ ಮೇಲೆ ಬೀಳುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ವರುಷದ ಮಗನ ಮುಂದೆ ತಾಯಿಯು ತನ್ನ ಹೊಟ್ಟೆನೋವಿನ ವಿವರವನ್ನು ಹೇಗೆ ಬಿಚ್ಚಿ ಹೇಳಿಯಾಳು?