ಅಣಕು ಪರೀಕ್ಷೆಯ ಅಂಕ ತೀರ್ಪಾಗದಿರಲಿ

ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಭಾನುವಾರದ ಸಂಜೆ ಇಂದು ಆತಂಕದ ಹೊತ್ತಾಗಿ ಮಾರ್ಪಟ್ಟಿದೆ. ಕೋಚಿಂಗ್ ಸೆಂಟರಿನ ಅಣಕು ನೀಟ್ ಪರೀಕ್ಷೆಯ ಅಂಕಗಳು ತಂದೆಯ ಮೊಬೈಲಿಗೆ ಬರುತ್ತವೆ. 720ಕ್ಕೆ 560 ಬಂದರೆ ಮಗ ಡಾಕ್ಟರಾದನೆಂದೇ ಬಂಧುಗಳಿಗೆ ಸುದ್ದಿ ಹೋಗುತ್ತದೆ. 310 ಬಂದರೆ, ಅದರಲ್ಲೂ ಬಂದದ್ದು ಮಗಳಿಗಾದರೆ, ಇನ್ನು ಸಂಬಂಧ ನೋಡುವುದೇ ಲೇಸು ಎಂಬ ಮಾತು ಹೊರಡುತ್ತದೆ. ಖಾಸಗಿ ಸಂಸ್ಥೆಯೊಂದು ತಾನೇ ಬರೆದು, ತಾನೇ ತಿದ್ದಿದ ಪ್ರಶ್ನೆಪತ್ರಿಕೆಗೆ ಒಂದು ಹೆಣ್ಣುಮಗಳ ಭವಿಷ್ಯವನ್ನು ನಿರ್ಧರಿಸುವ ಅಧಿಕಾರವನ್ನು ಕೊಟ್ಟವರಾರು?

ಅಣಕು ಪರೀಕ್ಷೆಯೇ ಬೇಡವೆಂದು ನಾವು ಹೇಳುತ್ತಿಲ್ಲ. 2025ರ ನೀಟ್‌ನಲ್ಲಿ 180 ನಿಮಿಷಗಳಲ್ಲಿ 180 ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕದ ಕಡಿತ. ಹೀಗೆ ನಿಮಿಷಕ್ಕೊಂದು ಪ್ರಶ್ನೆ ಎದುರಿಸುವ ವೇಗವೂ, ತಿಳಿಯದ್ದನ್ನು ಬಿಟ್ಟು ಮುಂದೆ ಸಾಗುವ ವಿವೇಕವೂ ಅಭ್ಯಾಸದಿಂದಲೇ ಬರಬೇಕು. ಆದರೆ ಅಭ್ಯಾಸದ ಸಾಧನವನ್ನೇ ಅಳತೆಗೋಲೆಂದು ಭ್ರಮಿಸುವುದು ಅಪಾಯಕಾರಿ.

ಕಳೆದ ವರ್ಷಗಳ ಫಲಿತಾಂಶವನ್ನೇ ನೋಡಿ. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿ ಪೂರ್ಣ 720 ಅಂಕ ಪಡೆದಿದ್ದರು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಫಲಿತಾಂಶ ಪರಿಷ್ಕೃತವಾದಾಗ ಆ ಸಂಖ್ಯೆ 17ಕ್ಕೆ ಇಳಿಯಿತು. ಮರುವರ್ಷ, ಅಂದರೆ 2025ರಲ್ಲಿ, ಭೌತಶಾಸ್ತ್ರದ ಪ್ರಶ್ನೆಗಳು ಕಠಿಣವಾಗಿದ್ದವು; ದೇಶಕ್ಕೇ ಮೊದಲಿಗನಾದವನ ಅಂಕ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಅದೇ ಪರೀಕ್ಷೆ, ಅದೇ ಒಟ್ಟು ಅಂಕ. ಆದರೂ ಒಂದು ವರ್ಷದ ಅಂಕಕ್ಕಿದ್ದ ಬೆಲೆ ಮರುವರ್ಷ ಉಳಿಯಲಿಲ್ಲ. ನಿಜವಾದ ಪರೀಕ್ಷೆಯ ಅಂಕಗಳ ಸ್ಥಿತಿಯೇ ಹೀಗಿರುವಾಗ ಭಾನುವಾರದ ಪರೀಕ್ಷೆಯ ಅಂಕದಿಂದ ಸೀಟಿನ ಭವಿಷ್ಯ ನುಡಿಯುವುದು ಎಂಥ ಲೆಕ್ಕಾಚಾರ? ಸೀಟು ದೊರೆಯುವುದು ರ‍್ಯಾಂಕಿನ ಮೇಲೆ. 2025ರಲ್ಲಿ ಪರೀಕ್ಷೆ ಬರೆದವರು ಸುಮಾರು 22 ಲಕ್ಷ. ನೂರಿನ್ನೂರು ಮಕ್ಕಳ ನಡುವಿನ ಸ್ಥಾನ ಈ ಸಾಗರದಲ್ಲಿ ಏನನ್ನೂ ಸಾಬೀತುಪಡಿಸದು.

ಪರೀಕ್ಷಾ ಕೊಠಡಿಯ ಅನುಭವವೂ ಬೇರೆ. ಪರಿಚಿತ ಬೆಂಚು, ಪರಿಚಿತ ಮೇಲ್ವಿಚಾರಕರು, ಅದೇ ಸಂಸ್ಥೆಯ ನೋಟ್ಸಿನಿಂದಲೇ ಆಯ್ದ ಪ್ರಶ್ನೆಗಳು ಒಂದೆಡೆ. ಅಪರಿಚಿತ ಊರು, ಮೇ ತಿಂಗಳ ಬಿಸಿಲು, ಗೇಟಿನ ಬಳಿ ತಪಾಸಣೆ, ಸಾಂಪ್ರದಾಯಿಕ ಉಡುಪು ಧರಿಸಿದವರು ಇನ್ನಷ್ಟು ಮುಂಚಿತವಾಗಿ ಬರಬೇಕೆಂಬ ನಿಯಮ ಇನ್ನೊಂದೆಡೆ. ಶಿರವಸ್ತ್ರ ಧರಿಸಿದ ನಮ್ಮ ಹೆಣ್ಣುಮಕ್ಕಳು ಪ್ರಶ್ನೆಪತ್ರಿಕೆ ತೆರೆಯುವ ಮುನ್ನವೇ ದಾಟಬೇಕಾದ ಈ ಪರೀಕ್ಷೆಗೆ ಯಾವ ಸಂಸ್ಥೆ ಅವರನ್ನು ಸಿದ್ಧಗೊಳಿಸುತ್ತಿದೆ?

ಹಾಗಾದರೆ ಈ ಅಂಕಗಳ ಅಬ್ಬರ ಯಾರಿಗಾಗಿ? ಹೆಚ್ಚು ಅಂಕ ಫ್ಲೆಕ್ಸ್ ಬೋರ್ಡಿಗೆ ಒದಗುತ್ತದೆ, ಕಡಿಮೆ ಅಂಕ ಮತ್ತೊಂದು ಕ್ರ್ಯಾಶ್ ಕೋರ್ಸಿನ ಶುಲ್ಕಕ್ಕೆ ದಾರಿಯಾಗುತ್ತದೆ. ಎರಡರಲ್ಲೂ ಲಾಭ ವ್ಯಾಪಾರಕ್ಕೇ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯು, ಕೋಚಿಂಗ್ ಸೆಂಟರ್‌ಗಳು ತಾವು ನಡೆಸುವ ಪರೀಕ್ಷೆಗಳ ಫಲಿತಾಂಶವನ್ನು ಬಹಿರಂಗಪಡಿಸಬಾರದು, ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಹಿಂದುಳಿಯುತ್ತಿರುವವರಿಗೆ ಆಪ್ತಸಲಹೆ ನೀಡಬೇಕೆಂದೂ ಸೂಚಿಸಿದೆ. ಗೋಡೆಗೆ ಅಂಕಪಟ್ಟಿ ಅಂಟಿಸಿ, ಕೊನೆಯ ಹೆಸರಿನವರನ್ನು ಎಲ್ಲರ ಮುಂದೆ ನಿಲ್ಲಿಸುವ ಸಂಸ್ಥೆಗಳನ್ನು ಪ್ರಶ್ನಿಸುವ ಧೈರ್ಯ, ಲಕ್ಷಾಂತರ ರೂಪಾಯಿ ಶುಲ್ಕ ತೆರುವ ಪೋಷಕರಿಗೇಕಿಲ್ಲ?

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಎಷ್ಟು ಅಂಕ ಬಂತೆಂದು ಕೇಳುವ ಬದಲು ಎಲ್ಲಿ ತಪ್ಪಾಯಿತೆಂದು ಕೇಳಿ. ಪಾಠವೇ ತಿಳಿಯದೆ ತಪ್ಪಿತೋ, ಲೆಕ್ಕದಲ್ಲಿ ಅವಸರವಾಯಿತೋ, ಊಹಿಸಿ ಗುರುತು ಹಾಕಿದ್ದರಿಂದ ಅಂಕ ಹೋಯಿತೋ ಎಂದು ಮಕ್ಕಳೇ ವಿಂಗಡಿಸಿ ಬರೆದಿಡಲಿ. ಅಣಕು ಪರೀಕ್ಷೆಯ ನಿಜವಾದ ಫಲ ಆ ಪುಟದಲ್ಲಿದೆ. ಎನ್‌ಸಿಇಆರ್‌ಟಿ ಪುಸ್ತಕಗಳು, ಹಿಂದಿನ ವರ್ಷಗಳ ಅಸಲಿ ಪ್ರಶ್ನೆಪತ್ರಿಕೆಗಳು ಬಡವರ ಕೈಗೂ ಎಟಕುವಂಥವು. 2024ರ ಪರೀಕ್ಷೆಗೆ ಪಠ್ಯಕ್ರಮ ಕಡಿತವಾದದ್ದರಿಂದ ಹಳೆಯ ಪತ್ರಿಕೆಗಳನ್ನು ಬಳಸುವಾಗ ಕೈಬಿಟ್ಟ ಪಾಠಗಳನ್ನು ಬದಿಗಿರಿಸಿದರಾಯಿತು. ಶಿಕ್ಷಣಕ್ಕಾಗಿ ದುಡಿಯುವ ನಮ್ಮ ಟ್ರಸ್ಟ್‌ಗಳು ಸನ್ಮಾನ ಸಮಾರಂಭಗಳ ಖರ್ಚಿನಲ್ಲಿ ಒಂದಂಶವನ್ನು ಉಳಿಸಿ, ಊರಿಗೊಂದು ಓದುಕೋಣೆ ತೆರೆದು ಇವನ್ನು ಅಲ್ಲಿಡಲಿ.

ಕಲಿಯುವ ಮಗು ತಪ್ಪು ಮಾಡಲೆಂದೇ ಇರುವ ಜಾಗ ಅಣಕು ಪರೀಕ್ಷೆ. ಅಲ್ಲಿನ ತಪ್ಪಿಗೂ ಶಿಕ್ಷೆ ವಿಧಿಸುವ ಮನೆಯಲ್ಲಿ ಮಗು ತಪ್ಪನ್ನು ಬಚ್ಚಿಡಲು ಕಲಿಯುತ್ತದೆಯೇ ಹೊರತು ತಿದ್ದಿಕೊಳ್ಳಲು ಕಲಿಯುವುದಿಲ್ಲ.