ಗಂಡಭೇರುಂಡ ನೆಲಮಂಗಲ ದಾಟುವುದು ಯಾವಾಗ?

ಊರ್ಡಿಗೆರೆಯ ಬಸ್ ನಿಲ್ದಾಣದಲ್ಲಿ ನಿಂತು ಯಾರನ್ನಾದರೂ ಕೇಳಿ ನೋಡಿ: ಬೆಂಗಳೂರಿನ ಫುಟ್‌ಬಾಲ್ ಟೀಮು ಯಾವುದಪ್ಪಾ, ಅಂತ. ಬಹುಪಾಲು ಜನ 'ಆರ್.ಸಿ.ಬಿ.' ಎಂದಾರು. ಅದು ಕ್ರಿಕೆಟ್ಟು ಕಣಯ್ಯಾ ಎಂದು ತಿದ್ದಿದರೆ, 'ಇರ್ಲಿ ಬಿಡಣ್ಣ, ಎರಡೂ ಚೆಂಡೇ ತಾನೆ' ಎಂಬ ಉತ್ತರ ಸಿಕ್ಕೀತು.

ತಪ್ಪು ಹಾಗೆಂದವರದ್ದಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬು ಗಂಡಭೇರುಂಡವನ್ನು ಲಾಂಛನ ಮಾಡಿಕೊಂಡು ಎದೆಯ ಮೇಲೆ ಹಾಕಿಕೊಂಡಿದೆ. ಎರಡು ತಲೆಯ ಆ ಹಕ್ಕಿ ಒಂದು ಕಾಲಕ್ಕೆ ಮೈಸೂರು ಅರಸರದ್ದು, ಈಗ ಕರ್ನಾಟಕ ಸರ್ಕಾರದ್ದು. ಅಂದಮೇಲೆ ಊರ್ಡಿಗೆರೆ, ಗುಬ್ಬಿ, ಕುಣಿಗಲ್ಲಿನವರದ್ದೂ ಹೌದು. ಆದರೆ ಆ ಹಕ್ಕಿ ನೆಲಮಂಗಲದ ಟೋಲ್ ದಾಟಿ ಈ ಕಡೆ ಹಾರಿದ್ದನ್ನು ಕಂಡವರು ಕಡಿಮೆ.

ಹಾಗಂತ ಕ್ಲಬ್ಬಿನ ಮೇಲೆ ಕಲ್ಲೆಸೆಯುವ ಮೊದಲು ಅಲ್ಲಿ ನಡೆದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. 2012ರ ಆಗಸ್ಟ್ ತಿಂಗಳು ನೆನಪಿದೆಯೆ? ಮೊಬೈಲುಗಳಲ್ಲಿ ಹರಿದ ಸುಳ್ಳು ಸುದ್ದಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ರೈಲ್ವೆಯವರು ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಹೋಟೆಲುಗಳಲ್ಲಿ ಬಡಿಸುವವರಿಲ್ಲ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಕಾವಲಿನವರಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಇದ್ದವರ ಹೆಸರು ಕೂಡ ಗೊತ್ತಿರಲಿಲ್ಲ ಎಂಬುದು ಊರಿಗೆ ಆಗ ಅರಿವಾಯಿತು.

ಅದಾಗಿ ಒಂದೇ ವರ್ಷಕ್ಕೆ, ಅದೇ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹೊಸ ಕ್ಲಬ್ಬಿನ ಆಟ ಶುರುವಾಯಿತು. ಜನ ಮಣಿಪುರದ ಥೋಯ್ ಸಿಂಗನ ಹೆಸರು ಹಿಡಿದು ಕೂಗತೊಡಗಿದರು. ಕೆನ್ಯಾದ ಕರ್ಟಿಸ್ ಒಸಾನೊ, ಇಂಗ್ಲೆಂಡಿನ ಜಾನ್ ಜಾನ್ಸನ್ ಊರಿನವರೇ ಆಗಿಬಿಟ್ಟರು. ನೇಪಾಳಿ ಮನೆಮಾತಿನ ಸುನಿಲ್ ಛೆಟ್ರಿ ಕ್ಯಾಪ್ಟನ್. ಮೊದಲ ವರ್ಷವೇ ಐ-ಲೀಗ್ ಗೆಲುವು. ಪಶ್ಚಿಮದ ಗ್ಯಾಲರಿಯಲ್ಲಿ ಕುಣಿಯುತ್ತಿದ್ದ ಹುಡುಗರು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಿಟ್ಟುಕೊಂಡರು. ತಮಿಳರು, ಮಲಯಾಳಿಗಳು, ಬಂಗಾಳಿಗಳು, ಮಿಜೊ, ನಾಗಾ, ಉರ್ದು ಮಾತಿನವರು, ಆಂಗ್ಲೋ ಇಂಡಿಯನ್ನರು, ಕನ್ನಡಿಗರು, ಎಲ್ಲರೂ ಒಂದೇ ನೀಲಿ ಅಂಗಿಯಲ್ಲಿ. ಯಾವ ಸರ್ಕಾರಿ ಭಾವೈಕ್ಯ ಸಪ್ತಾಹದಲ್ಲೂ ಇಷ್ಟು ಜನ ಹೀಗೆ ಹೆಗಲ ಮೇಲೆ ಕೈಹಾಕಿ ನಿಂತದ್ದಿಲ್ಲ.

ಬೆಂಗಳೂರಿಗೆ ಇದು ಹೊಸದೇನೂ ಅಲ್ಲ. ಈ ಆಟ ಅಲ್ಲಿ ಬೆಳೆದದ್ದೇ ದಂಡಿನ ಮಗ್ಗುಲಲ್ಲಿ, ಸಿಪಾಯಿಗಳ, ಕೂಲಿಯವರ, ಗಾಡಿಯವರ ಮಕ್ಕಳ ಕಾಲಲ್ಲಿ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಪಟಾಲಂಗಳ ಸೊತ್ತು. ಮರುವರ್ಷ 1938ರಲ್ಲೂ ಇವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸಿಗೆ 2-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು.

ಈ ಈಸ್ಟ್ ಬೆಂಗಾಲಿನ ಕತೆ ಸ್ವಲ್ಪ ನಿಂತು ಕೇಳುವಂಥದ್ದು. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಕಲ್ಕತ್ತಕ್ಕೆ ಬಂದು ಬಿದ್ದ ನಿರಾಶ್ರಿತರಿಗೆ ಅದು ಬರೀ ಕ್ಲಬ್ಬಲ್ಲ, ಕಳೆದುಕೊಂಡ ಊರು. ಭಾಷೆಯ ಅಭಿಮಾನ ಅಂದರೆ ಬಂಗಾಳಿಗಳಿಂದ ಕಲಿಯಬೇಕು. ಅಂಥವರು ತಲೆಯ ಮೇಲೆ ಹೊತ್ತು ಕುಣಿದದ್ದು ಯಾರನ್ನು? ಅಹಮದ್ ಖಾನ್, ಧನರಾಜ್, ಅಪ್ಪಾರಾವ್, ವೆಂಕಟೇಶ್, ಸಾಲೆ ಎಂಬ ಐವರನ್ನು. ಐವರೂ ದಕ್ಷಿಣದವರು, ಒಬ್ಬನೂ ಬಂಗಾಳಿಯಲ್ಲ. ಜನ ಅವರಿಗೆ 'ಪಂಚಪಾಂಡವರು' ಎಂದೇ ಹೆಸರಿಟ್ಟರು. 1949ರಿಂದ 51ರವರೆಗೆ ಮೂರು ವರ್ಷ ಸಾಲಾಗಿ ಐ.ಎಫ್.ಎ. ಶೀಲ್ಡು ಬಂತು. ಸ್ವಂತ ನೆಲ ಕಳೆದುಕೊಂಡವರೇ ಹೊರಗಿನವನನ್ನು ಮನೆಮಗ ಮಾಡಿಕೊಂಡರು. ನೆಲ ಭದ್ರವಾಗಿರುವ ಕಡೆ ಅಷ್ಟು ದೊಡ್ಡ ಮನಸ್ಸು ಕಾಣುವುದಿಲ್ಲ, ಅದು ಬೇರೆ ಮಾತು.

ಬೆಂಗಳೂರಿನಲ್ಲೂ ಆಗ ಕ್ಲಬ್ಬೆಂದರೆ ಬೀದಿ, ಬೀದಿಯೆಂದರೆ ಕ್ಲಬ್ಬು. ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋದರೆ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾರ ಪ್ರತಿಮೆಗಳ ಜೊತೆಗೆ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೂ ನಿಂತಿದೆ. ಬಡವರ ಕೇರಿ, ಹೆಚ್ಚಿನವರು ತಮಿಳು ಮಾತಿನ ದಲಿತರು. ಪ್ರತಿಮೆ ನಿಲ್ಲಿಸಿದ್ದು ಯಾವ ಕಂಪನಿಯೂ ಅಲ್ಲ, ಆ ಕೇರಿಯ ಪ್ರೀತಿ. ಆಮೇಲೆ ಐ.ಟಿ.ಐ., ಎಚ್.ಎ.ಎಲ್., ಬಿ.ಇ.ಎಲ್. ಕಾರ್ಖಾನೆಗಳ ಟೀಮುಗಳು ಬಂದವು. ಸೆಂಟರ್ ಫಾರ್ವರ್ಡು ಬೆಳಗ್ಗೆ ಪಕ್ಕದ ಮೆಷಿನ್ನಿನಲ್ಲೇ ಕೆಲಸ ಮಾಡುವವನು. ಸಂಜೆ ಅವನ ಆಟ ನೋಡಲು ಗೇಟಿನ ಎದುರಿನ ಟೀ ಅಂಗಡಿಯವನೂ ಷಟರ್ ಎಳೆದು ಹೊರಡುತ್ತಿದ್ದ. 'ಸಮುದಾಯದ ಜೊತೆ ಸಂಪರ್ಕ' ಎಂದು ಬೇರೆ ಡಿಪಾರ್ಟ್‌ಮೆಂಟ್ ಮಾಡಿ ಸಂಬಳ ಕೊಟ್ಟು ಆಫೀಸರನನ್ನು ಕೂರಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಈಗ ಬಿದ್ದಿದೆ. ಯಾಕೆಂದರೆ ಕ್ಲಬ್ಬು ಈಗ ಕಂಪನಿ. ಒಡೆಯರು ಒಂದು ಕಡೆ, ಟೀವಿ ಒಂದು ಕಡೆ, ಜನ ಇನ್ನೊಂದು ಕಡೆ.

ರಿಯಾದಿನ ಗೋಲು ಕಂಡವರೆಷ್ಟು?

2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಬೆಂಗಳೂರಿಗೂ ಕೇರಳ ಬ್ಲಾಸ್ಟರ್ಸಿಗೂ ಮ್ಯಾಚು. ಎದುರಾಳಿ ಸಿದ್ಧವಾಗುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಒಪ್ಪಿದರು. ಕೇರಳದವರು ಆಟವನ್ನೇ ಬಿಟ್ಟು ಹೊರನಡೆದರು. ವಾರಗಟ್ಟಲೆ ಅದೇ ಮಾತು, ಅದೇ ವಾದ, ಅದೇ ಬೈಗುಳ.

ಮಾರನೆಯ ದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕಿನ್ನೂ ಮೈಸೂರು ಎಂದೇ ಹೆಸರಿದ್ದಾಗ. ಐವತ್ನಾಲ್ಕು ವರ್ಷ ಕಾದು ಬಂದ ಕಪ್ಪು. ಗೋಲು ಹೊಡೆದ ಮೂವರ ಹೆಸರು ಕೇಳಿ: ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್. ಕರ್ನಾಟಕದ ಅಂಗಿ ಹಾಕಿಕೊಂಡು ಕರ್ನಾಟಕಕ್ಕೆ ಕಪ್ಪು ತಂದವರು. ಇವರಲ್ಲಿ 'ನಮ್ಮೋನು' ಯಾರು, 'ಹೊರಗಿನೋನು' ಯಾರು ಎಂದು ತೂಕ ಹಾಕುವ ತಕ್ಕಡಿ ಯಾವ ಅಂಗಡಿಯಲ್ಲಿದೆ? ತುಮಕೂರಿನಲ್ಲಿ ಆ ರಾತ್ರಿ ಪಟಾಕಿ ಹೊಡೆದರೆಂದು ಕೇಳಿದವರಿಲ್ಲ. ಕ್ರಿಕೆಟ್ಟಿನಲ್ಲಿ ಲೀಗ್ ಮ್ಯಾಚು ಗೆದ್ದರೂ ಸರ್ಕಲ್ಲಿನಲ್ಲಿ ಬೈಕು ನಿಲ್ಲಿಸಿ ಹಾರನ್ ಒತ್ತುವವರೇ ಇವರು.

ಅಭಿಮಾನವೆಂಬುದು ತಾನಾಗಿಯೇ ಒಳ್ಳೆಯದಾಗಿರುತ್ತದೆ ಎಂದೂ ತಿಳಿಯಬಾರದು. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಮಲಬಾರಿನಲ್ಲಿ ಸೆವೆನ್ಸ್ ಟೂರ್ನಮೆಂಟುಗಳಿಗೆ ಪ್ರತಿ ವರ್ಷ ಆಫ್ರಿಕಾದಿಂದ ಆಟಗಾರರನ್ನು ಕರೆಸುತ್ತಾರೆ, ಮುದ್ದಿನಿಂದ 'ಸುಡಾನಿ' ಎನ್ನುತ್ತಾರೆ. 2024ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡಿನಲ್ಲಿ ಐವರಿ ಕೋಸ್ಟಿನ ಒಬ್ಬ ಆಟಗಾರನನ್ನು ಅದೇ ಪ್ರೇಕ್ಷಕರು ಅಟ್ಟಿಸಿಕೊಂಡು ಹೋಗಿ ಹೊಡೆದರು. ಬಣ್ಣ ಹಿಡಿದು ಬೈದರು, ಕಲ್ಲು ತೂರಿದರು ಎಂದು ಆತ ಪೊಲೀಸರಿಗೆ ದೂರು ಕೊಟ್ಟ. ಇಂಗ್ಲೆಂಡಿನಲ್ಲಿ 1988ರಲ್ಲಿ ಜಾನ್ ಬಾರ್ನ್ಸ್ ಎಂಬ ಕಪ್ಪು ಆಟಗಾರನ ಕಾಲಬುಡಕ್ಕೆ ಬಾಳೆಹಣ್ಣು ಎಸೆದಿದ್ದರು. ಅಲ್ಲಿನ ಕ್ಲಬ್ಬುಗಳಿಗೆ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. 1985ರಲ್ಲಿ ಬ್ರಸೆಲ್ಸಿನ ಹೇಸೆಲ್ ಸ್ಟೇಡಿಯಂನಲ್ಲಿ ಪ್ರೇಕ್ಷಕರ ಗಲಭೆಯಿಂದ 39 ಜನ ಸತ್ತರು. ಮರುವರ್ಷವೇ ಇಂಗ್ಲೆಂಡಿನ ವಾಯವ್ಯ ಭಾಗದ ಕೆಲವು ಕ್ಲಬ್ಬುಗಳು ಬೀದಿಬೀದಿಗೆ, ಶಾಲೆಶಾಲೆಗೆ ಆಟಗಾರರನ್ನು ಕಳಿಸುವ ಏರ್ಪಾಡು ಶುರು ಮಾಡಿದವು. ಅದು ಮುಂದೆ ದೇಶಕ್ಕೆಲ್ಲ ಹಬ್ಬಿತು. ಸ್ಟೇಡಿಯಂ ಒಳಗೆ ಜನ ಹೇಗಿರಬೇಕೆಂಬುದು ಸ್ಟೇಡಿಯಂ ಹೊರಗೆ ತೀರ್ಮಾನವಾಗುತ್ತದೆ ಎಂಬುದು ಅವರಿಗೆ ಹೊಳೆಯಿತು.

ಈಗ ತುಮಕೂರಿಗೆ ಬರೋಣ. ವಸಂತನರಸಾಪುರ, ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಬಂಗಾಳ, ಅಸ್ಸಾಮಿನಿಂದ ಬಂದ ಹುಡುಗರಿದ್ದಾರೆ. ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ಮಕ್ಕಳಿದ್ದಾರೆ. ಅಂಗಡಿಯವರಿಗೆ ಇವರೆಲ್ಲ ಗೊತ್ತು, ಗಿರಾಕಿಗಳಾಗಿ. ಯಾರು ಕುಸಲಕ್ಕಿ ಕೇಳುತ್ತಾರೆ, ಯಾರು ಸಾಸಿವೆ ಎಣ್ಣೆ ಕೇಳುತ್ತಾರೆ, ಯಾರ ರೀಚಾರ್ಜು ಯಾವತ್ತು ಮುಗಿಯುತ್ತದೆ, ಎಲ್ಲ ಬಾಯಿಪಾಠ. ಹೆಸರು ಮಾತ್ರ ಗೊತ್ತಿಲ್ಲ, ಎಲ್ಲರೂ 'ಭಯ್ಯಾ'. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುವ ಕೆಲವರನ್ನು ದಿನಾ ಓಡಾಡುವವರು ನೋಡಿಯೇ ಇದ್ದಾರೆ. ಈ ಹುಡುಗರಲ್ಲಿ ಬಹಳ ಮಂದಿ ಫುಟ್‌ಬಾಲಿನ ಹುಚ್ಚಿರುವ ಸೀಮೆಯಿಂದ ಬಂದವರು. ಭಾನುವಾರ ಒಂದು ಚೆಂಡು, ಒಂದು ಬಯಲು ಕೊಟ್ಟರೆ ಸಾಕು, ಕನ್ನಡ ಕಲಿಸಲು ಬೇರೆ ಮೇಷ್ಟ್ರು ಬೇಕಿಲ್ಲ. 'ಇತ್ತ ಕೊಡೋ', 'ಬಿಡೋ', 'ಹಿಂದೆ ನೋಡ್ಲಾ' ಇಷ್ಟು ಮಾತು ಮೊದಲ ಅರ್ಧ ಗಂಟೆಯಲ್ಲೇ ಬಂದೀತು.

ಬಯಲು ಬೇಕಲ್ಲ? ತುಮಕೂರಿನಲ್ಲಾದರೆ ಮಹಾತ್ಮ ಗಾಂಧಿ ಕ್ರೀಡಾಂಗಣ ಇದೆ. ಹೋಬಳಿಗೆ ಬಂದರೆ ಶಾಲೆಯ ಬಯಲೇ ಗತಿ. ವಾಲಿಬಾಲು, ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್ಟು ಎಲ್ಲಾ ಅಲ್ಲೇ. ಚುನಾವಣೆ ಬಂದರೆ ಪೆಂಡಾಲೂ ಅಲ್ಲೇ. ಅದರಲ್ಲಿ ಎರಡು ಗೋಲು ಕಂಬ ನೆಡಲು ಲಕ್ಷಾಂತರ ರೂಪಾಯಿ ಬೇಕಿಲ್ಲ, ಗ್ರಾಮ ಪಂಚಾಯಿತಿಯವರ ಒಂದು ಸಹಿ ಸಾಕು. ಕ್ರೀಡಾ ಇಲಾಖೆಯವರಾಗಲಿ, ಜಿಲ್ಲಾ ಪಂಚಾಯಿತಿಯವರಾಗಲಿ ಈ ಆಟದ ವಿಷಯ ಎತ್ತುವುದು ಅಪರೂಪ. ದೂರು ಬೆಂಗಳೂರಿನ ಮೇಲಷ್ಟೇ ಹಾಕಿ ಇಲ್ಲಿಯವರು ಕೈ ತೊಳೆದುಕೊಳ್ಳುವಂತಿಲ್ಲ.

ಬಸ್ಸಿನ ಲೆಕ್ಕ

ಆದರೂ ಕ್ಲಬ್ಬಿನವರು ಉತ್ತರ ಹೇಳಬೇಕಾದ ಪ್ರಶ್ನೆಗಳಿವೆ. ಲೀಗಿನ ಹೆಚ್ಚಿನ ಮ್ಯಾಚುಗಳು ಇಷ್ಟು ವರ್ಷ ಶುರುವಾಗಿದ್ದು ರಾತ್ರಿ ಏಳೂವರೆಗೆ. ಮುಗಿಯುವಾಗ ಒಂಬತ್ತೂವರೆ. ಟೀವಿ ನೋಡುವವನಿಗೆ ಅದು ಒಳ್ಳೆ ಹೊತ್ತು. ಊರ್ಡಿಗೆರೆಯವನಿಗೆ? ಕಬ್ಬನ್ ಪಾರ್ಕಿನಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಮಾದಾವರಕ್ಕೆ ಬಂದು (ಮೆಟ್ರೊ ಅಲ್ಲಿಯವರೆಗೆ ಬಂದದ್ದೂ 2024ರ ನವೆಂಬರಿನಲ್ಲಿ), ಅಲ್ಲಿ ತುಮಕೂರಿನ ಬಸ್ಸಿಗೆ ಕೈ ಅಡ್ಡ ಹಾಕಿ, ನಡುರಾತ್ರಿ ತುಮಕೂರಿನಲ್ಲಿ ಇಳಿದರೆ, ಅಲ್ಲಿಂದ ದೇವರಾಯನದುರ್ಗದ ಕಡೆಯ ಹಳ್ಳಿಗೆ ಹೋಗುವುದು ಯಾವುದರಲ್ಲಿ? ಬಸ್ ಸ್ಟ್ಯಾಂಡಿನ ಕಲ್ಲು ಬೆಂಚೇ ಗತಿ. ಮಾರನೆಯ ದಿನ ಅಪ್ಪನ ಬೈಗುಳ ಬೇರೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ವರ್ಷದಲ್ಲಿ ಒಂದೆರಡು ಮ್ಯಾಚಾದರೂ ಇಟ್ಟರೆ ಟೀವಿಯವರ ಆಕಾಶ ಕಳಚಿ ಬೀಳುವುದಿಲ್ಲ. ಹತ್ತು ತಾಲ್ಲೂಕಿನ ಈ ಜಿಲ್ಲೆಯಿಂದ ತಾಲ್ಲೂಕಿಗೊಂದು ಬಸ್ಸಿನಂತೆ ಶಾಲಾ ಮಕ್ಕಳನ್ನು ಪುಕ್ಕಟೆ ಕರೆಸಿಕೊಂಡರೂ ಹತ್ತೇ ಬಸ್ಸು. ಕ್ಲಬ್ಬಿನವರು ಮಕ್ಕಳಿಗೆ ಆಟ ಕಲಿಸುವ ಶಾಲೆಗಳನ್ನು ನಡೆಸುತ್ತಾರೆ, ಒಳ್ಳೆಯದೇ. ಆದರೆ ಅವು ಹೆಚ್ಚಾಗಿ ನಗರಗಳ ಬಡಾವಣೆಗಳಲ್ಲಿ, ದುಡ್ಡು ಕಟ್ಟುವವರ ಮಕ್ಕಳಿಗೆ. ತಿಂಗಳಿಗೊಮ್ಮೆ ಒಬ್ಬ ಕೋಚು ಒಂದು ಚೀಲ ಚೆಂಡು ಹಿಡಿದು ತುಮಕೂರು ಬಸ್ಸು ಹತ್ತಿದರೆ ಅದೆಷ್ಟು ಖರ್ಚು?

'ಇದರಿಂದ ಕ್ಲಬ್ಬಿಗೆ ಏನು ಲಾಭ ಸ್ವಾಮಿ?' ಎಂದು ವ್ಯಾಪಾರಸ್ಥರು ಕೇಳುವುದು ನ್ಯಾಯವೇ. ಲಾಭ ಇದೆ. 2025ರ ಜುಲೈನಲ್ಲಿ, ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಇದ್ದ ಕರಾರು ಮುಂದುವರಿಯುವುದೋ ಇಲ್ಲವೋ ತಿಳಿಯದೆ ಇಡೀ ಲೀಗೇ ನಿಂತುಹೋಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಮಕ್ಕಳ ತಂಡಗಳನ್ನೂ ಶಾಲೆಗಳನ್ನೂ ಮಾತ್ರ ನಡೆಸುತ್ತೇವೆಂದು ಹೇಳಿತು. ಅಂದರೆ ದೊಡ್ಡ ಕರಾರು, ದೊಡ್ಡ ಟೀವಿ, ದೊಡ್ಡ ಲೀಗು ಬಾಗಿಲು ಹಾಕಿದ ಹೊತ್ತಿನಲ್ಲಿ ನಿಂತದ್ದು ಊರಿನ ಮಕ್ಕಳ ಆಟ. ಒಂದೇ ಸಗಟು ಗಿರಾಕಿಯನ್ನು ನಂಬಿ ಅಂಗಡಿ ಇಟ್ಟವನ ಗತಿ ಪೇಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೀದಿಯ ಚಿಲ್ಲರೆ ಗಿರಾಕಿ ಹತ್ತು ರೂಪಾಯಿಯವನಾದರೂ ದಿನಾ ಬರುತ್ತಾನೆ.

ಹತ್ತು ಭಾಷೆಯವರನ್ನು ಒಂದು ಗ್ಯಾಲರಿಯಲ್ಲಿ ಕೂರಿಸಿದ ಕ್ಲಬ್ಬಿಗೆ ಹನ್ನೊಂದನೆಯದಾಗಿ ತುಮಕೂರು ಸೀಮೆಯ ಕನ್ನಡವೂ ಬೇಕು. ಐಜ್ವಾಲಿನ ಹುಡುಗನ ಪಕ್ಕ ಕೊರಟಗೆರೆಯ ಹುಡುಗ ಕೂತು ಒಂದೇ ಪೊಟ್ಟಣದ ಕಡ್ಲೆಕಾಯಿ ತಿನ್ನುವುದಕ್ಕೆ ಬೇಕಾಗಿರುವುದು ಮಧ್ಯಾಹ್ನದ ಒಂದು ಮ್ಯಾಚು, ಸಂಜೆ ಊರು ಮುಟ್ಟಿಸುವ ಒಂದು ಬಸ್ಸು. ಸಂತೋಷ್ ಟ್ರೋಫಿ ಗೆದ್ದ ಹುಡುಗರನ್ನು ಒಮ್ಮೆ ಜಿಲ್ಲೆಗೆ ಕರೆಸಿ ಎನ್ನಲು ಇನ್ನೂ ಹೊತ್ತು ಮೀರಿಲ್ಲ. ಕರೆಸುವುದಾದರೆ ಹಾರ, ಶಾಲು, ಭಾಷಣ ಬೇಡ. ಊರ್ಡಿಗೆರೆ ಶಾಲೆಯ ಬಯಲಿನಲ್ಲಿ ಎರಡು ಕಡೆ ಇಟ್ಟಿಗೆ ಇಟ್ಟು ಗೋಲು ಮಾಡಿ, ಒಂದು ಕಡೆ ಊರ ಹುಡುಗರು, ಇನ್ನೊಂದು ಕಡೆ ವಸಂತನರಸಾಪುರದ ಎರಡನೇ ಪಾಳಿ ಮುಗಿಸಿ ಬಂದ ಹುಡುಗರು ನಿಲ್ಲಲಿ. ಬಂದವರು ಸೀಟಿ ಊದಲಿ.